ಗುಂಡಿ

ಕನ್ನಡದಲ್ಲಿ ಗುಂಡಿ ಅಂದರೆ ಎರಡು:
ಅಂಗಿಗೆ ಹಾಕುವುದು ಒಂದು,
ನಾವೇ ಹೋಗಿ ಬೀಳುವುದು ಇನ್ನೊಂದು.
ಬ್ರೋನಾಗೆ ಇದನ್ನು ಹೇಳಿದಾಗ ನಕ್ಕಳು:
"ನಿನ್ನ ಆಟಕ್ಕೆ ಅದೇ ಹೆಸರಿಡು."

ಹಡರ್ಸ್‌ಫೀಲ್ಡಿನ ಆಸ್ಪತ್ರೆ, ತುರ್ತು ವಿಭಾಗದ ಹಿಂದಿನ ಚಹದ ಕೋಣೆ.
ರಾತ್ರಿ ಮೂರು.
ಮೊದಲು ಇದನ್ನು ಇಸ್ಪೀಟಿನ ಎಲೆಯಲ್ಲಿ ಮಾಡಿದ್ದೆ,
ನಿಯಮ ಓದಿ ಮುಗಿಸುವಷ್ಟರಲ್ಲಿ ಯಾರದೋ ಗಂಟೆ ಹೊಡೆಯುತ್ತಿತ್ತು.
ಚಹ ಆರುವುದರೊಳಗೆ ಮುಗಿಯಬೇಕು ಆಟ.
ಬೆಣ್ಣೆ ಬಿಸ್ಕತ್ತಿನ ಹಳೇ ಡಬ್ಬಿಯಿಂದ ಸುರಿಯುತ್ತೇನೆ ಈಗ,
ಮುಚ್ಚಿಹೋದ ದರ್ಜಿ ಅಂಗಡಿಯಲ್ಲಿ ಎರಡು ಪೌಂಡಿಗೆ ಕೊಂಡದ್ದು.
ಕೆಂಪಗಿನ ಮೂರನ್ನು ಮುಂದಿಟ್ಟು ಹೇಳುತ್ತೇನೆ:
ಇವು ಒಳಗೆ ಬರಬಹುದು. ಯಾಕೆಂದು ಕಂಡುಹಿಡಿಯಿರಿ.
ಒಂದೊಂದೇ ತಂದು ಕೇಳಿ.

ಬ್ರೋನಾ ಕೆಂಪು ತಂದಳು. ಹೌದು.
ಇಟ್ಟಿಗೆ ಕೆಂಪು, ದಾಳಿಂಬೆ ಕೆಂಪು,
ಒರೆಸಿ ಒರೆಸಿ ತಂದ ಮಾಸಲು ಕೆಂಪು.
ಹೌದು, ಹೌದು, ಹೌದು.
ಪ್ರತಿ ಹೌದಿಗೂ ಅವಳ ಬೆನ್ನು ಇಷ್ಟಿಷ್ಟೇ ನೆಟ್ಟಗಾಯಿತು.
"ಕೆಂಪು!" ಎಂದು ಎದ್ದು ನಿಂತಳು.
ಅಲ್ಲ.

ಸ್ಟ್ರೆಚರ್ ತಳ್ಳುವ ಕ್ಲೈವ್, ಬಾಗಿಲಲ್ಲೇ ನಿಂತು ನೋಡುತ್ತಿದ್ದವ,
ಬಂದು ಕಪ್ಪೊಂದನ್ನು ಇಟ್ಟ: ಹೌದು.
ಹಸಿರು: ಹೌದು.
ಹಿಂದೆ ಕೊಂಡಿಯಿರುವ ಹಿತ್ತಾಳೆಯದು: ಇಲ್ಲ.
"ತೂತಿರಬೇಕು, ಅಷ್ಟೇ ತಾನೆ?"
ಹೇಗೆ ಹೊಳೆಯಿತು ಎಂದರೆ ಭುಜ ಹಾರಿಸಿದ,
"ಇಲ್ಲ ಅನ್ನಿಸಿಕೊಂಡು ನನಗೆ ಅಭ್ಯಾಸ."

ಅಂದಿನಿಂದ ಲೆಕ್ಕ ಬದಲಿಸಿದೆ:
ಹೌದು ಬಂದರೆ ಸೊನ್ನೆ, ಇಲ್ಲ ಬಂದರೆ ಒಂದು.

ಆಟ ಹುಟ್ಟಿದ್ದು ಏಳನೇ ಹಾಸಿಗೆಯಲ್ಲಿ.
ಬೆನ್ನುನೋವು ಎಂದು ಬಂದವರು,
ಉಗುರಿನಲ್ಲಿನ್ನೂ ತೋಟದ ಮಣ್ಣು.
ಭಾರ ಎತ್ತಿದಿರಾ? ಹೌದು.
ಬಗ್ಗಿದಾಗ ಹಿಡಿಯಿತಾ? ಹೌದು.
ಮೊದಲೂ ಹೀಗಾಗಿತ್ತಾ? ಹೌದು.
ನಾ ಹಿಡಿದ ಮೊಲಕ್ಕೆ ಮೂರೇ ಕಾಲು.
ಎರಡೂ ತೋಳಿನ ರಕ್ತದೊತ್ತಡ ಬೇರೆ ಬೇರೆ ನೋಡಬೇಕಿತ್ತು.
ಮಾತ್ರೆ ಕೊಟ್ಟೆ, ದಿಂಬು ಸರಿಮಾಡಿದೆ.
ಬೆಳಗಿನ ಹೊತ್ತಿಗೆ ಆ ಹಾಸಿಗೆಗೆ ಹೊಸ ಚಾದರ.

ಟೆಂಡಾಯ್ ಆಡಲು ಬರುವವನಲ್ಲ.
ಒಮ್ಮೆ ನನ್ನ ನೋಟ್‌ಬುಕ್ ತಿರುವಿ ಹಾಕಿದ.
'ಬಹಳ ಉಪಯೋಗವಾಯಿತು', 'ಕಣ್ಣು ತೆರೆಯಿತು',
ಆಡಿದವರ ಒಳ್ಳೆಯ ಮಾತೆಲ್ಲ, ತಾರೀಖು ಸಮೇತ.
ಮುಚ್ಚಿ ಮೆಲ್ಲಗೆ ಕೇಳಿದ:
"ಎಲ್ಲ ಕೆಂಪೇ ಇದೆಯಲ್ಲ?"

ಕಿವಿ ಬಿಸಿಯಾಯಿತು.
ಎರಡು ದಿನ ಅವನ ಜೊತೆ ಮಾತು ಬಿಟ್ಟೆ.
ಮೂರನೆಯ ದಿನ ಎಡಗಡೆಯ ಪುಟದ ನೆತ್ತಿಯಲ್ಲಿ
'ಇಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದೆ.
ಬಹಳ ದಿನ ಖಾಲಿಯೇ ಇತ್ತು.

ನಿನ್ನೆ ರಾತ್ರಿ ಒಬ್ಬ ಹುಡುಗಿ, ಹೊಟ್ಟೆನೋವು.
ತಿಂದದ್ದು ಸೇರಲಿಲ್ಲ ಅಂದುಕೊಂಡೆವು ಎಲ್ಲರೂ.
ಪರದೆ ಎಳೆದು ಹೊರಟಿದ್ದ ಬ್ರೋನಾ ತಿರುಗಿ ಬಂದಳು,
ಇನ್ನೊಂದು ಪ್ರಶ್ನೆ ಕೇಳಿದಳು,
ಬೇಡವೆನಿಸಿದ ಇನ್ನೊಂದು ಪರೀಕ್ಷೆ ಬರೆಸಿದಳು.
ಕಾದೆವು.
ಮೊದಲ ಬಸ್ಸು ದೀಪ ಹೊತ್ತಿಸಿಕೊಂಡು
ಒಬ್ಬರೂ ಇಲ್ಲದೆ ದಿಬ್ಬ ಏರಿತು.
ಏನೂ ಇರಲಿಲ್ಲ. ಮೊದಲು ಅಂದುಕೊಂಡದ್ದೇ ಸರಿ.
ಹುಡುಗಿ ಟೋಸ್ಟ್ ತಿಂದು ಮನೆಗೆ ಹೋದಳು.

ಎಡಗಡೆಯ ಪುಟದಲ್ಲಿ ಬರೆದೆ:
ಆಟದಿಂದ ಈ ರಾತ್ರಿ ಏನೂ ಆಗಲಿಲ್ಲ.

ಬಾಗಿಲಲ್ಲಿ ಕ್ಲೈವ್,
ಅಂಗೈಯಲ್ಲಿ ಅವನದೇ ಅಂಗಿಯಿಂದ ಕಿತ್ತುಬಂದ ಗುಂಡಿ,
ದಾರ ಇನ್ನೂ ನೇತಾಡುತ್ತಿದೆ.
"ಇದು ಒಳಗೆ ಬರುತ್ತಾ?"