ನವೆಂಬರಿನ ಹೆಬ್ಬೆಟ್ಟು

ತೊಗರಿ ಹೊಲ ಹಳದಿ ಹೂ ಬಿಟ್ಟರೆ
ನಮ್ಮ ಮನೆಯಲ್ಲಿ ಅದು ಮುತ್ಯಾನ ತಿಂಗಳು.
ಶಹಾಬಾದಿನ ಬ್ಯಾಂಕಿಗೆ ಹೋಗಿ
ತಾನಿನ್ನೂ ಬದುಕಿದ್ದೇನೆಂದು
ವರುಷಕ್ಕೊಮ್ಮೆ ಹೇಳಿ ಬರಬೇಕು.
ಹಿಂದಿನ ರಾತ್ರಿಯೇ ಬೂಟಿಗೆ ಪಾಲಿಶು,
ಚಂದಮ್ಮಾಯಿಗೆ ಬೈಗುಳ: "ಎಲ್ಲಿಟ್ಟಿ ನನ್ನ ಕಾಗದಾ?"
ಕಾಗದ ಅವನ ದಿಂಬಿನಡಿಯಲ್ಲೇ ಇರುತ್ತಿತ್ತು.

ಯುದ್ಧದ ಕತೆ ಹೇಳೆಂದರೆ
ಸೈಬಣ್ಣ ಮುತ್ಯಾ ಹೇಳುತ್ತಿದ್ದದ್ದು ಕತ್ತೆಯ ಕತೆ.
ಕತ್ತೆಯಲ್ಲ ಅಂತಿದ್ದ, ಖಚ್ಚರ್.
ತಾಯಿ ಕುದುರೆ, ತಂದೆ ಕತ್ತೆ, ಬುದ್ಧಿ ಎರಡಕ್ಕೂ ಮೇಲು.
ನಂಬರು ಇನ್ನೂರಾ ಹದಿನೇಳು, ಅವನಿಟ್ಟ ಹೆಸರು ಗುಲಾಬಿ.
ಲಡಾಖಿನ ಆ ಇಳಿಜಾರಿನಲ್ಲಿ
ಮೊದಲು ಅದರ ಹೆಜ್ಜೆ, ಆಮೇಲೆ ಇವನದು.
ಮೇಲಕ್ಕೆ ಸೀಮೆಎಣ್ಣೆ, ಬೇಳೆ, ತಂತಿಯ ಸುರುಳಿ,
ಯಾರ‍್ಯಾರದೋ ಊರಿನ ಪತ್ರದ ಚೀಲ.
ಕೆಳಗಿಳಿವಾಗ ಬೇರೆ ಹೊರೆ.
ಆ ಹೊರೆ ಏನಂತ ಕೇಳಿದೆ ಒಮ್ಮೆ.
ಎದ್ದು ಹೋಗಿ ಆಡಿಗೆ ನೀರಿಟ್ಟ.

ಗುಂಡು ತಾಗಿದ ಗುರುತು ತೋರಿಸೆಂದು ಕಾಡಿದರೆ
ಅಂಗೈ ಬಿಚ್ಚುತ್ತಿದ್ದ.
ಬೆರಳ ತುದಿ ನಮ್ಮೂರ ಪರ್ಸಿಯ ಹಾಗೆ ನುಣುಪು,
ಒಂದು ಗೆರೆಯಿಲ್ಲ.
"ಬರ್ಫಾ ತಿಂದದ ತಂಗಿ. ಹಸದಿತ್ತು, ಪಾಪ."

ಹಾಗಾಗಿ ಬ್ಯಾಂಕಿಗೆ ಮಷೀನು ಬಂದ ವರ್ಷ
ಮುತ್ಯಾ ಬದುಕಿರಲಿಲ್ಲ.
ಬಲಗೈ ಹೆಬ್ಬೆಟ್ಟು, ಎಡಗೈಯದು, ತೋರುಬೆರಳು,
ಕೆಂಪು ದೀಪ. ಮತ್ತೆ ಕೆಂಪು ದೀಪ.
ಹುಡುಗ ಗುಮಾಸ್ತ ಬೆವತ:
"ಮಷೀನ್ ತಗೊಳ್ವಲ್ದು, ಅಜ್ಜಾರ."
ಮುತ್ಯಾ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತು
ನಂಬರು, ರ‍್ಯಾಂಕು, ಹೆಸರು ಕೂಗಿದ.
ಪಾಸ್‌ಬುಕ್ಕಿನ ಸಾಲು ಪೂರಾ ತಿರುಗಿ ನೋಡಿತು.
ಯಾರೋ ನಕ್ಕರು. ನಾನೂ ನಕ್ಕೆ.
ನನಗಾಗ ಹದಿಮೂರು, ಎಲ್ಲದಕ್ಕೂ ನಾಚಿಕೆ.
ಟಂಟಂ ಹತ್ತುವ ಮುಂಚೆ ನನಗೆ ಭಜಿ ಕೊಡಿಸಿದ,
ತಾನು ತಿನ್ನಲಿಲ್ಲ.

ಕೊನೆಕೊನೆಗೆ ನನ್ನ ಹೆಸರೂ ಅವನಿಂದ ಜಾರಿತು.
"ಹುಷಾರ್ ಗುಲಾಬಿ, ಮುಂದ ಕಲ್ಲು ಸಡಿಲ ಅವ."
ನಡುರಾತ್ರಿ ಬಚ್ಚಲಿಗೆ ಕರೆದೊಯ್ಯುವಾಗ
ಅವನ ಕೈ ನನ್ನ ಹೆಗಲ ಮೇಲೆ.
ಮೊದಲು ನನ್ನ ಹೆಜ್ಜೆ, ಆಮೇಲೆ ಅವನದು.

ಹೋದದ್ದು ಅಕ್ಟೋಬರ್ ಮೂವತ್ತಕ್ಕೆ.
ಬೂಟು ಅಷ್ಟರಲ್ಲೇ ಹೊಳೆಯುತ್ತಿತ್ತು.
ಯಾರು ತಿಕ್ಕಿದ್ದರೋ, ಆಯಿ ಹೇಳುವುದಿಲ್ಲ.

ಈ ಸಲ ಅವಳ ಸರದಿ.
ಅರ್ಧ ಪಿಂಚಣಿ, ಪೂರಾ ಹೆಬ್ಬೆಟ್ಟು.
ಮೂವತ್ತು ವರ್ಷ ಖಣಿಯಲ್ಲಿ ಪರ್ಸಿ ಹೊತ್ತ ಕೈ.
ಕೆಂಪು ದೀಪ.
ಸೆರಗಿಗೆ ಒರೆಸಿದಳು, ಎಂಜಲು ಹಚ್ಚಿದಳು, ಮತ್ತೆ ಒತ್ತಿದಳು.
ಕೆಂಪು.
ಗುಮಾಸ್ತ ಅದೇ ಹುಡುಗ, ಈಗ ಮೀಸೆ ಬಂದಿದೆ.
"ಅವರದೂ ಹಿಂಗೇ ಇತ್ತಲ್ಲಪಾ," ಅಂದಳು ಆಯಿ,
"ಬಂದಿದ್ದಳು ಅಂತ ಬರಕೋ."

ಹೊರಗೆ ಬಂದು ಸೊಂಟದ ಚೀಲ ಬಿಚ್ಚಿ
ಒಂದು ಪ್ಲೇಟು ಭಜಿ ಕೇಳಿದಳು.
ಸುಡುತ್ತಿತ್ತು.
ಇಬ್ಬರೂ ತಿಂದೆವು.