ಮುಗಲು ಕಾಣೂ ಜಾಗ

ಸುಣ್ಣದ ಡಬ್ಬಿಯಷ್ಟು ಐತಿ, ಕರೇದು.
ಬುಡಕ ಲೋಹಚುಂಬಕ, ಬಾಲ ಮೂರು ಮೀಟರ್.
ಇದಕ್ಕ ಬೇಕಾದದ್ದು ಒಂದ: ಮುಗಲು.
ಹೊಟ್ಟಿ ಕೆಳಗ, ಮಾರಿ ಮ್ಯಾಲ,
ನಡುವ ಕಬ್ಬಿಣ ಬರಬಾರದು.

ಜತ್ತದಾಗ, ವಿಜಾಪುರ ರೋಡಿನ ಬಾಜು,
ನನ್ನ ಶೆಡ್ಡಿನ ಮುಂದ ಟ್ಯಾಂಕರ್ ನಿಂದ್ರಿಸಿ
ಮಲಕಾರಿ ಕೆಳಗಿಳದ.
ಹತ್ತು ಸಾವಿರ ಲೀಟರಿನ ಖಾಲಿ ಹೊಟ್ಟಿ
ಬಿಸಲಿಗೆ ತಾನ ಟಣ್ ಟಣ್ ಅಂತಿತ್ತು.
'ತಹಸೀಲಿಯವರು ಹೇಳ್ಯಾರ,
ಇದ ಇಲ್ಲಂದ್ರ ಬಿಲ್ ಆಗೂದಿಲ್ಲಂತ. ಎಲ್ಲಿ ಹಚ್ಚತಿ?'

ಎತ್ತು ಕೊಳ್ಳಾಕ ಬಂದವರಂಗ
ಗಾಡಿಗೆ ಒಂದು ಸುತ್ತು ಹಾಕಿದೆ.
ಟಪದ ಮ್ಯಾಲ ಇಟ್ಟರ ಛಲೋ,
ಕೆಳಗಿನ ತಗಡು ಅದಕ್ಕ ತಾಟ ಆಗತೈತಿ,
ಮ್ಯಾಲಿಂದ ಬಿದ್ದ ಮಾತು ಚೆಲ್ಲೂದಿಲ್ಲ.
ಆದರ ಬಾವಿ ದಾರ್ಯಾಗ ಜಾಲಿ ಟೊಂಗಿ,
ಎರಡು ದಿನದಾಗ ಕಿತ್ತು ಒಗಿತಾವ.
ಟಾಕಿ ಹತ್ತರ ಇಟ್ಟರ
ಕಬ್ಬಿಣ ಮಾತು ತಿರುಗಿಸಿ ಒಗಿತೈತಿ,
ಒಂದ ಸುದ್ದಿ ಎರಡು ಸಲ ಕೇಳಿ
ಗಾಡಿ ರೋಡು ಬಿಟ್ಟು ಮಂದಿ ಹೊಲದಾಗ ನಿಂತಂಗ ಕಾಣತೈತಿ.
ಮುಂದಿನ ಗಾಜಿಗೆ, ಒಳಗಿಂದ?
ಮ್ಯಾಲಿನ ಗೇಣು ಗಾಜಿಗೆ ಮಲಕಾರಿ
ಬೆಳ್ಳಿಬಣ್ಣದ ಫಿಲ್ಮ್ ಬಡಿಸ್ಯಾನ, ಬಿಸಲಿಗಂತ.
ಅದರಾಗೂ ಲೋಹ ಐತಿ, ಉಸರಿನಷ್ಟು ತೆಳ್ಳಂದು.
ನಮ್ಮ ಕಣ್ಣಿಗೆ ಹಾದಿ, ಉಪಗ್ರಹಕ್ಕ ಗ್ವಾಡಿ.

ಇಷ್ಟರಾಗ ಮಾಲಕ ಬಂದ. ಬುಲೆಟ್ ಆರಿಸಲಿಲ್ಲ.
ಮರಾಠಿಯಾಗ ಸುರು ಮಾಡಿ ಕನ್ನಡದಾಗ ಮುಗಿಸಿದ
(ರೊಕ್ಕದ ಮಾತು ಅಂವ ಯಾವಾಗಲೂ ಕನ್ನಡದಾಗ ಆಡ್ತಾನ):
'ಸೀಟಿನ ಕೆಳಗ ಹಚ್ಚೋ. ಟೂಲ್ ಪೆಟ್ಟಿಗ್ಯಾಗ.'
'ಅಲ್ಲಿ ಮುಗಲು ಕಾಣೂದಿಲ್ಲರಿ.'
'ಅದಕ್ಕ ಹೇಳಿದ್ದು,' ಅಂದ. ಐದನೂರರ ನೋಟೊಂದು
ನನ್ನ ಮಲ್ಟಿಮೀಟರಿನ ಕೆಳಗ ಇಟ್ಟು ಹೋದ.

ಮಲಕಾರಿ ತನ್ನ ಚಪ್ಪಲಿ ನೋಡಕೋತ ನಿಂತಿದ್ದ.
ಅಂವಗ ಗೊತ್ತೈತಿ, ನನಗೂ ಗೊತ್ತೈತಿ,
ಮೂರು ಖೇಪ ಬರದರ ಒಂದು ಮುಟ್ಟತೈತಿ ಹುಣಸಿ ವಸ್ತಿಗೆ.
ಉಳಿದೆರಡು ದಾರ್ಯಾಗ ಬಲಕ್ಕ ಹೊಳ್ಳತಾವ,
ಮಾಲಕನ ದಾಳಿಂಬ್ರಿ ತ್ವಾಟಕ್ಕ.
ಆ ವಸ್ತ್ಯಾಗ ನನ್ನವರು ಯಾರೂ ಇಲ್ಲ.
ಇದ್ದಿದ್ದರ ಈ ಮಾತು ಹೇಳೂದು ಸರಳ ಆಗತಿತ್ತು.
ಒಮ್ಮೆ ಯಾರದೋ ಟ್ರ್ಯಾಕ್ಟರ್ ಬ್ಯಾಟರಿ ನೋಡಾಕ ಹೋಗಿದ್ದೆ,
ಒಬ್ಬಾಕಿ ಅರ್ಧ ಚೆರಿಗಿ ನೀರು ಕೊಟ್ಟಳು.
ಕುಡದು ಮಿಕ್ಕಿದ್ದು ಚೆಲ್ಲಾಕ ಕೈ ಎತ್ತಿದರ
ಏನೂ ಅನ್ನಲಿಲ್ಲ,
ಚೆರಿಗಿಗೆ ಕೈ ಅಡ್ಡ ಹಿಡದಳು ಅಷ್ಟ.

ಮಧ್ಯಾಹ್ನ ಮಲಕಾರಿ ಊಟಕ್ಕ ಹ್ವಾದ. ಡ್ಯಾಶ್‌ಬೋರ್ಡ್ ಬಿಚ್ಚಿದೆ.
ಬೀಡಿ ತುಂಡು, ಹರದ ಪಾವತಿ,
ಯಾವದೋ ಕೂಸಿನ ಕಾಲಗೆಜ್ಜಿಯ ಒಂದು ಗುಂಗ್ರು.
ವೈಪರ್ ಮೋಟರಿನ ವೈರಿಂದ ಗೇಣು ದೂರ ಸರಿಸಿ,
ಪ್ಲಾಸ್ಟಿಕ್ಕಿನ ಹೊಟ್ಟ್ಯಾಗ, ಗಾಜಿನ ಬುಡಕ,
ಮಾರಿ ಮ್ಯಾಲ ಮಾಡಿ ಅಂಟಿಸಿದೆ.
ಪ್ಲಾಸ್ಟಿಕ್ ನಮಗ ಗ್ವಾಡಿ, ಮ್ಯಾಲಿನವಕ್ಕ ಗಾಳಿ.
ಸೀಟಿನ ಕೆಳಗಿನ ಪೆಟ್ಟಿಗ್ಯಾಗ
ಒಂದು ಸತ್ತ ಆಂಟೆನಾ ಇಟ್ಟು, ವೈರು ಛಂದಂಗಿ ಸುತ್ತಿ,
ಫೋಟೊ ತಗದು ಮಾಲಕಗ ಕಳಿಸಿದೆ.
'ಚಾಲೇಲ್' ಅಂತ ಬಂತು, ಮುಗದ ಕೈಯಿನ ಚಿತ್ರದ ಸಂಗಾಟ.

ಮಲಕಾರಿಗೆ ಹೇಳಲಿಲ್ಲ. ಹೇಳಿದ್ದರ
ಸ್ಟೇರಿಂಗ್ ಹಿಡದ ಕೈಯಾಗ ಅಂವ ಅದನ್ನೂ ಹೊರಬೇಕಾಗತಿತ್ತು.
ಹೇಳದ್ದಕ್ಕ ಅಂವನ ಕೆಲಸ ಹೋದರ?
ಅದು ನನ್ನ ಲೆಕ್ಕಕ್ಕ.
ಐದನೂರು ತಿರುಗಿ ಕೊಡಲಿಲ್ಲ, ಅದೂ ನನ್ನ ಲೆಕ್ಕಕ್ಕ.
ಸೋಲ್ಡರ್ ತಂತಿ ತಂದೆ, ಉಳಿದದ್ದರಾಗ ಮನಿಗೆ ಎಣ್ಣಿ.

ಮರುದಿನ ಟೆಸ್ಟಿಂಗ್ ಅಂತ ಫೋನು ತಗದು ಕುಂತೆ.
ತಹಸೀಲಿಯಾಗ ಈ ಚುಕ್ಕಿ ಯಾರು ನೋಡತಾರೊ,
ನೋಡತಾರೊ ಇಲ್ಲೊ.
ತುಂಬಿದ ಗಾಡಿ ಬಾವಿ ಬಿಟ್ಟಿತು, ಹಳ್ಳ ದಾಟಿತು,
ತ್ವಾಟದ ತಿರುವಿನ್ಯಾಗ ನಿಂತಿತು.
ಉಚ್ಚಿ ಹೊಯ್ಯಾಕ ಇಳದಿರಬೇಕು ಮಲಕಾರಿ ಅಂತ
ಐದು ನಿಮಿಷ ನಂಬಿದೆ.
ಹತ್ತು.
ಆಮ್ಯಾಲ ಚುಕ್ಕಿ ಬಲಕ್ಕ ಹೊಳ್ಳಿತು.