ಗಾಳಿಗೆ ಕೊಟ್ಟ ಮಾತು

ಹನ್ನೆರಡು ನಲವತ್ತಕ್ಕೆ ಸರಿಯಾಗಿ
ಈಗಲೂ ಗಂಟಲು ತಾನೇ ತಯಾರಾಗುತ್ತದೆ.
ಕೈಯಲ್ಲಿ ಸೌಟಿರಲಿ, ಪೊರಕೆಯಿರಲಿ,
ಒಂದು ಒಣಕೆಮ್ಮು, ಆಮೇಲೆ ಒಂದುಸಿರಿನಷ್ಟು ಮೌನ.
ನಲವತ್ತೊಂದು ವರ್ಷ ಆ ಮೌನದಲ್ಲೇ
ಕೆಂಪು ದೀಪ ಹತ್ತುತ್ತಿತ್ತು.

ಪೊರ್ವೆನೀರಿನ ಬಾನುಲಿ ಅಂದರೆ
ತಗಡಿನ ಮಾಡು, ಎರಡು ಕೋಣೆ, ಕಟ್ಟಿಗೆಯ ಒಲೆ,
ತಂತಿಗಳಿಂದ ನೆಲಕ್ಕೆ ಬಿಗಿದು ಕಟ್ಟಿದ ಒಂದು ಕಂಬ.
ಜಲಸಂಧಿ ದಾಟಿದ ಮೇಲೆ ದ್ವೀಪವೆಲ್ಲ ಬಯಲು,
ಬಯಲೆಲ್ಲ ಕುರಿ, ಹತ್ತು ಹರದಾರಿಗೊಬ್ಬ ಮನುಷ್ಯ.
ಅವನಿಗೆ ಟಪಾಲಿಲ್ಲ, ಟೆಲಿಫೋನಿಲ್ಲ.
ನಾನಿದ್ದೆ.

‘ಬೂದು ಬೆಟ್ಟದ ಗುಡಿಸಲಿನ ಬೌತಿಸ್ತಾಗೆ:
ಗುರುವಾರ ರಸ್ತೆಗೆ ಕುದುರೆ ಕಳಿಸು. ಇಬ್ಬರು ಬರುತ್ತೇವೆ,
ಒಬ್ಬನಿಗೆ ಕಾಲುನೋವು.’
‘ಒಣಹೊಳೆಯ ಓಯಾರ್ಸೊ ಮನೆಯವರಿಗೆ:
ಹೆರಿಗೆಯಾಯಿತು. ಗಂಡು. ಮೂಗು ನಿಮ್ಮದೇ.’
ಸಾವಿಗೆ ಮಾತ್ರ ಸಾವು ಅನ್ನುವಂತಿರಲಿಲ್ಲ.
‘ಕೂಡಲೇ ಊರಿಗೆ ಬಾ, ಕಪ್ಪು ಕೋಟು ತಾ’ ಅಂತ ಓದುತ್ತಿದ್ದೆ.
ದ್ವೀಪದ ಅರ್ಧ ಒಲೆಗಳ ಮುಂದೆ
ಟೋಪಿಗಳು ತಲೆಯಿಂದ ಇಳಿಯುತ್ತಿದ್ದವು,
ಕೋಟಿನವನಿಗೆ ಅರ್ಥವಾಗುವ ಮೊದಲೇ.

ಮುಖ ಯಾರಿಗೂ ಗೊತ್ತಿರಲಿಲ್ಲ. ಬೇಕರಿಯ ಸಾಲಿನಲ್ಲಿ
ನಿಂತಿದ್ದರೆ ನಾನು ಯಾರದೋ ಅತ್ತೆ.
‘ಅರ್ಧ ಕಿಲೋ ಬ್ರೆಡ್ಡು’ ಅಂದೆನೋ ಇಲ್ಲವೋ
ಮೂರು ತಲೆ ತಟ್ಟನೆ ತಿರುಗುತ್ತಿದ್ದವು,
ಯಾರಿಗೋ ಏನೋ ಆಯಿತೆಂದು.
ನನ್ನ ಮಿರ್ಕೊ ಅನ್ನುತ್ತಿದ್ದ: ಉಪ್ಪು ಕೊಡು ಅಂತ
ಆ ದನಿಯಲ್ಲಿ ಕೇಳಬೇಡ ನೆವೆಂಕಾ, ಎದೆ ಧಸಕ್ಕೆನ್ನುತ್ತದೆ.

ಅದೊಂದು ಜೂನು, ಕಿಟಕಿಯ ಒಳಮೈಗೂ ಹಿಮ ಕಟ್ಟಿದ ದಿನ.
ಗಾಳಿಗೆ ದೋಣಿ ನಿಂತಿತ್ತು.
ಆಚೆ ದಡದ ಆಸ್ಪತ್ರೆಯಿಂದ ಬಂದ ಫೋನನ್ನು
ಆಫೀಸಿನ ಹುಡುಗ ಬರೆದುಕೊಂಡು, ಹೇಳಲಾರದೆ,
ಚೀಟಿಗಳ ನಡುವೆ ಸೇರಿಸಿಟ್ಟಿದ್ದ.
ನಾಲ್ಕನೆಯದು. ‘ನೆವೆಂಕಾಗೆ’ ಎಂದು ಶುರುವಾಗಿತ್ತು.
ಓದಿದೆ. ಕೋಟಿನ ತನಕ ಓದಿದೆ.
ಐದನೆಯದು, ಉಣ್ಣೆ ಕತ್ತರಿಗಳು ಮಾರಾಟಕ್ಕಿವೆ ಎಂಬುದು.
ಬೆಲೆಯನ್ನು ಎರಡು ಸಲ ಹೇಳಿದೆ, ನಿಯಮದಂತೆ.

ಜನ ಅದನ್ನು ಗಟ್ಟಿಗಿತ್ತಿ ಎಂದು ಆಡಿಕೊಂಡರು.
ಹಾಗೇನಿಲ್ಲ. ಓದುವಾಗ ನಾನು ಅಲ್ಲಿರಲಿಲ್ಲ, ಅಷ್ಟೆ.
ಅಲ್ಲಿ ಇಲ್ಲದಿರುವುದೇ ನನ್ನ ಕಸುಬಾಗಿತ್ತು.
ಎಲ್ಲಿದ್ದೇನೆಂದು ಮನೆಯಲ್ಲಿ ಹುಡುಕುವುದಕ್ಕೆ
ಎರಡು ಚಳಿಗಾಲ ಹಿಡಿಯಿತು.

ಆಮೇಲೆ ಕಟ್ಟುಹಲ್ಲು ಬಂತು.
‘ಸ’ ಬಂದಲ್ಲೆಲ್ಲ ಸಣ್ಣ ಸಿಳ್ಳೆ.
ಕುರಿನಾಯಿಗಳು ಬಾನುಲಿಯತ್ತ ಕಿವಿ ನಿಮಿರಿಸುತ್ತವಂತೆ,
ಬಯಲಿಂದ ಒಬ್ಬ ಕಾಗದ ಬರೆದಿದ್ದ. ದೂರಲ್ಲ,
ಅವನಿಗೆ ಖುಷಿಯೇ.

ಮುದುಕ ಲಿಂದೋರ್ ಮಾತ್ರ ತಿಂಗಳಿಗೊಮ್ಮೆ ಊರಿಗೆ ಬಂದು
ದುಡ್ಡು ತೆತ್ತು ಸಂದೇಶ ಬರೆಸುತ್ತಿದ್ದ, ತನಗೆ ತಾನೇ:
‘ಲಿಂದೋರನಿಗೆ: ಇಲ್ಲೆಲ್ಲ ಸೌಖ್ಯ. ಬೇಲಿ ನೋಡಿಕೋ.’
ಎರಡು ದಿನ ಕುದುರೆ ಹೊಡೆದು ವಾಪಸು ಹೋಗಿ ಕೇಳುವುದು.
ಇದ್ಯಾಕಪ್ಪ ಅಂದೆ ಒಮ್ಮೆ.
ಹ್ಯಾಟಿನ ಅಂಚು ತಿರುವುತ್ತ ನಿಂತ.
‘ನಾನು ಅಂದುಕೊಂಡರೆ ಅನುಮಾನ.
ನೀವು ಅಂದರೆ ಇರಬಹುದು ಅನಿಸುತ್ತೆ.’

ಈಗ ಎಲ್ಲರ ಜೇಬಿನಲ್ಲೂ ಫೋನು. ಬೆಟ್ಟ ಹತ್ತಿ
ಕೈ ಮೇಲೆತ್ತಿದರೆ ಸಿಗ್ನಲ್ಲಂತೆ.
ನನ್ನ ಕುರ್ಚಿಯಲ್ಲಿ ಯೆಸೇನಿಯಾ, ಇಪ್ಪತ್ತಾರು, ಬೇಗ ಓದುತ್ತಾಳೆ,
ನಡುವೆ ನಗುತ್ತಾಳೆ. ಇವತ್ತು ಎರಡೇ ಸಂದೇಶ.
ಒಣಹೊಳೆಯನ್ನು ಹೊಸಹೊಳೆ ಮಾಡಿದಳು.
ಅಡುಗೆಮನೆಯಲ್ಲಿ ನಿಂತು ಜೋರಾಗಿ ತಿದ್ದಿದೆ,
ಬೆಕ್ಕು ಎದ್ದು ಹೋಯಿತು.

ಕೊನೆಗೆ ಹವಾಮಾನ.
ಪಡುವಣ ಗಾಳಿ, ಗಂಟೆಗೆ ತೊಂಬತ್ತು.
ಮಾಡಿನ ತಗಡು ಬೆಳಗಿನಿಂದ ಅದನ್ನೇ ಹೇಳುತ್ತಿದೆ.
ಆದರೂ ರೇಡಿಯೋದ ಕಿವಿ ತಿರುವಿ ದನಿಯೇರಿಸಿ,
ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದೆ.
ಅಷ್ಟರಲ್ಲಿ ಸೂಪು ತಳ ಹಿಡಿದಿತ್ತು.